ಹಳೆ ಜಿಪಿಎಸ್ ಸೆಟ್, ಮೂರು ಸೀಸನ್

ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟ್‌ಗಳಿಗೆ ರಜೆ. ಬಲೆ ಹೆಣೆಯುವುದು, ಪೇಂಟ್ ಹೊಡೆಯುವುದು, ಇಂಜಿನ್ ಬಿಚ್ಚುವುದು ಎಲ್ಲ ಆಗ. ಹಳೆ ಸಾಮಾನು ಕೈ ಬದಲಾಗುವುದೂ ಆಗಲೇ. 2022ರ ಜುಲೈಯಲ್ಲಿ ಮಲ್ಪೆಯ ಪರ್ಸಿನ್ (ದೊಡ್ಡ ಸುತ್ತುಬಲೆಯ) ಬೋಟಿನವರೊಬ್ಬರು ಹೊಸ ಸೆಟ್ ಹಾಕಿಸಿಕೊಂಡು ಹಳೆಯದನ್ನು ಮಾರುತ್ತಿದ್ದಾರೆ ಅಂತ ಸುದ್ದಿ ಬಂತು. ಏಳು ಇಂಚಿನ ಕಲರ್ ಪರದೆ, ಬೋಟ್ ಇರುವ ಜಾಗ ನಕ್ಷೆಯಲ್ಲಿ ತೋರಿಸುವ ಜಿಪಿಎಸ್ ಪ್ಲಾಟರ್, ಜೊತೆಗೆ ಆಳ, ಮೀನು ತೋರಿಸುವ ಫಿಶ್ ಫೈಂಡರ್, ಎರಡೂ ಒಂದರಲ್ಲೇ. 26 ಸಾವಿರಕ್ಕೆ ಮಾತಾಯಿತು. ಗಂಗೊಳ್ಳಿಯಲ್ಲಿರುವ ನಮ್ಮದು 36 ಅಡಿಯ ಫೈಬರ್ ಗಿಲ್‌ನೆಟ್ (ನೀರಲ್ಲಿ ಗೋಡೆಯ ಹಾಗೆ ಬಿಡುವ ಬಲೆ) ಬೋಟ್. ಹೊಸ ಸೆಟ್‌ಗೆ ದುಡ್ಡು ಹಾಕುವಷ್ಟು ಮೀನು ಆ ವರ್ಷ ಬಿದ್ದಿರಲಿಲ್ಲ.

ಸೆಟ್‌ನ ಕಂಪನಿ ಹೆಸರು ಬರೆಯುವುದಿಲ್ಲ. ಮುಂದೆ ಹೇಳುವ ತೊಂದರೆಗಳಲ್ಲಿ ಹೆಚ್ಚಿನವು ಸೆಟ್‌ನದ್ದೇ ಅಲ್ಲ. ವಯರ್‌ನದ್ದು, ಜೋಡಣೆಯದ್ದು, ಒಂದೆರಡು ನಮ್ಮ ತಲೆಯದ್ದು.

ಮನೆಗೆ ತಂದು ಚೀಲ ಬಿಚ್ಚಿದಾಗ ಮೊದಲ ಪೆಟ್ಟು. ಆಂಟೆನಾ ಇತ್ತು, ಆದರೆ ಕೇಬಲ್ ಕತ್ತರಿಸಿದ್ದರು. ಕ್ಯಾಬಿನ್ ಸೂರಿನೊಳಗಿಂದ ಎಳೆಯಲು ಸೋಮಾರಿತನ, ಕಟಿಂಗ್ ಪ್ಲೇಯರ್‌ನಲ್ಲಿ ಒಂದು ಕಟ್. ಆಳ ಅಳೆಯುವ ಟ್ರಾನ್ಸ್‌ಡ್ಯೂಸರ್ ಬಂದೇ ಇರಲಿಲ್ಲ, ಅದು ಆ ಬೋಟಿನ ತಳದಲ್ಲೇ ಉಳಿದಿತ್ತು. ಪವರ್ ಕೇಬಲ್‌ನಲ್ಲಿ ಫ್ಯೂಸ್ ಇರಬೇಕಾದ ಜಾಗದಲ್ಲಿ ಬೀಡಿ ಕಟ್ಟಿನ ಬೆಳ್ಳಿ ಕಾಗದ. ನಿಜವಾಗಿಯೂ! ಹಳೆ ಸೆಟ್ ಕೊಳ್ಳುವವರು ಪೆಟ್ಟಿಗೆಗೆ ಬೆಲೆ ಕಟ್ಟಬೇಡಿ ಮಾರಾಯ್ರೆ, ಅದರ ಜೊತೆ ಬರುವ ಬಾಲಗಳಿಗೆ ಕಟ್ಟಿ. ಆಂಟೆನಾ, ಟ್ರಾನ್ಸ್‌ಡ್ಯೂಸರ್, ಪವರ್ ಪ್ಲಗ್ ಮೂರೂ ಇಲ್ಲದ ಸೆಟ್‌ಗೆ ನಾನೀಗ ಅರ್ಧ ಬೆಲೆಯೂ ಕೊಡುವುದಿಲ್ಲ. ಹಳೆ ಮಾಡೆಲ್‌ನ ಪ್ಲಗ್ ಹುಡುಕುವುದಕ್ಕಿಂತ ಅಂಜಲ್ ಮೀನು ಹುಡುಕುವುದು ಸುಲಭ.

ಕೇಬಲ್ ಜೋಡಿಸಿ, ಬ್ಯಾಟರಿ ಕೊಟ್ಟು ಅಂಗಳದಲ್ಲಿ ಇಟ್ಟೆ. ಪರದೆ ಹೊತ್ತಿಕೊಂಡಿತು, ಸ್ಯಾಟಲೈಟ್ ಒಂದೂ ಇಲ್ಲ. ಧಕ್ಕೆಯಲ್ಲಿ (ಬೋಟ್ ಕಟ್ಟುವ ಕಟ್ಟೆ) ರಿಪೇರಿ ಮಾಡುವ ಒಬ್ಬರು ನೋಡಿ, ಒಳಗಿನ ಬೋರ್ಡ್ ಹೋಗಿದೆ, ಎಂಟು ಸಾವಿರ ಆಗಬಹುದು ಅಂದರು. ಬಿಚ್ಚದೆಯೇ ಹೇಳಿದರು. ಅದೇ ನನಗೆ ಅನುಮಾನ ಬರಿಸಿದ್ದು.

ಆ ರಾತ್ರಿ ಮುನ್ನೂರು ರೂಪಾಯಿಯ ಮಲ್ಟಿಮೀಟರ್ ಹಿಡಿದು ಕುಳಿತೆ. ಹೊರಗೆ ಇಡುವ ಆಂಟೆನಾದೊಳಗೆ ಒಂದು ಸಣ್ಣ ಆಂಪ್ಲಿಫೈಯರ್ ಇರುತ್ತದೆ. ಅದಕ್ಕೆ ಬೇಕಾದ ಕರೆಂಟ್ ಅದೇ ಕೇಬಲ್‌ನಲ್ಲಿ ಸೆಟ್‌ನಿಂದಲೇ ಹೋಗಬೇಕು. ಕೇಬಲ್ ಕಳಚಿ, ಸೆಟ್‌ನ ಆಂಟೆನಾ ಸಾಕೆಟ್‌ನ ನಡುವಿನ ಪಿನ್ನಿಗೂ ಹೊರಗಿನ ಬಳೆಗೂ ಮೀಟರ್ ಹಿಡಿದರೆ 5 ವೋಲ್ಟ್ ತೋರಿಸಿತು. ಅಂದರೆ ಸೆಟ್ ತನ್ನ ಕೆಲಸ ಮಾಡುತ್ತಿದೆ. ಕೇಬಲ್ ಸಿಕ್ಕಿಸಿದ ಕೂಡಲೇ ಅರ್ಧ ವೋಲ್ಟ್‌ಗೆ ಬಿತ್ತು. ಕಳಚಿದರೆ ಮತ್ತೆ 5. ಕೇಬಲ್ ಒಳಗೆ ಎಲ್ಲೋ ನಡುವಿನ ತಂತಿ ಹೊರಗಿನ ಜಾಲರಿಗೆ ತಾಗುತ್ತಿದೆ ಅಂತ ಅರ್ಥ. ಕೈಯಲ್ಲಿ ಉದ್ದಕ್ಕೂ ಸವರುತ್ತಾ ಹೋದೆ. ಆಂಟೆನಾದಿಂದ ಎರಡು ಮೊಳ ಕೆಳಗೆ ಒಂದು ಕಡೆ ಚಪ್ಪಟೆ. ಬೋಲ್ಟ್ ಬಿಗಿ ಮಾಡುವಾಗ ಅಡಿಗೆ ಸಿಕ್ಕಿದ್ದಿರಬೇಕು. ಸಿಪ್ಪೆ ಸೀಳಿದರೆ ತಾಮ್ರವೆಲ್ಲ ಕಪ್ಪು, ನಡುನಡುವೆ ಹಸಿರು ಕಿಲುಬು. ಒಮ್ಮೆ ಉಪ್ಪುನೀರು ಒಳಗೆ ಹೊಕ್ಕರೆ ಸಿಪ್ಪೆಯ ಅಡಿಯಲ್ಲೇ ಬತ್ತಿ ಏರಿದ ಹಾಗೆ ಮೊಳಗಟ್ಟಲೆ ಏರುತ್ತದೆ. ಅದನ್ನು ಕತ್ತರಿಸಿ ಜೋಡಿಸುವುದರಲ್ಲಿ ಅರ್ಥವಿಲ್ಲ. 3,500 ಕೊಟ್ಟು ಕೇಬಲ್ ಸಮೇತ ಬೇರೆ ಆಂಟೆನಾ ತಂದೆ.

ಹೊಸ ಆಂಟೆನಾ ಹಾಕಿದರೂ ಹತ್ತು ನಿಮಿಷ ಏನೂ ಇಲ್ಲ. ಎದೆ ಧಸಕ್ ಅಂತು. ಚಾ ಕುಡಿದು ಬರೋಣ ಅಂತ ಒಳಗೆ ಹೋಗಿ ಬರುವಷ್ಟರಲ್ಲಿ ಏಳು ಸ್ಯಾಟಲೈಟ್ ಹಿಡಿದು ಕುಳಿತಿತ್ತು. ವರ್ಷಗಟ್ಟಲೆ ಮೂಲೆಯಲ್ಲಿದ್ದ ಸೆಟ್‌ಗೆ ಯಾವ ಸ್ಯಾಟಲೈಟ್ ಆಕಾಶದ ಯಾವ ಕಡೆ ಇದೆ ಅನ್ನುವ ಪಟ್ಟಿ ಮರೆತುಹೋಗಿರುತ್ತದೆ. ಆ ಪಟ್ಟಿ ಪೂರ್ತಿ ಇಳಿಯಲು ಹನ್ನೆರಡೂವರೆ ನಿಮಿಷ ಬೇಕು, ನಡುವೆ ಆಫ್ ಮಾಡಿದರೆ ಮತ್ತೆ ಮೊದಲಿನಿಂದ. ತೆಂಗಿನ ಮರದಡಿ ಇಡಬೇಡಿ, ತಗಡಿನ ಮಾಡಿನಡಿ ಅಂತೂ ಬೇಡವೇ ಬೇಡ. ಬಯಲಲ್ಲಿ ಇಟ್ಟು ಅರ್ಧ ಗಂಟೆ ಸುಮ್ನೆ ಬಿಟ್ಟುಬಿಡಿ.

ಈಗ ತಮಾಷೆ. ಅಂದು 2022ರ ಆಗಸ್ಟ್ 10. ಪರದೆ ಮೇಲೆ 2002ರ ಡಿಸೆಂಬರ್ 25 ಅಂತಿದೆ! ವಾರ ಮಾತ್ರ ಬುಧವಾರ, ಸರಿಯಾಗಿಯೇ. ಜಿಪಿಎಸ್‌ನವರು ದಿನವನ್ನು ವಾರದ ಲೆಕ್ಕದಲ್ಲಿ ಕಳಿಸುತ್ತಾರೆ, 1024 ವಾರ ಆದ ಮೇಲೆ ಎಣಿಕೆ ಮತ್ತೆ ಸೊನ್ನೆಗೆ ಬರುತ್ತದೆ. 1999ರ ಆಗಸ್ಟ್‌ನಲ್ಲಿ ಒಮ್ಮೆ, 2019ರ ಏಪ್ರಿಲ್‌ನಲ್ಲಿ ಇನ್ನೊಮ್ಮೆ ಹಾಗಾಯಿತು. ಹಳೆ ಸೆಟ್‌ಗೆ ಅದು ಗೊತ್ತಿಲ್ಲ, ಸುಮಾರು 19 ವರ್ಷ 7 ತಿಂಗಳು ಹಿಂದೆಯೇ ಇರುತ್ತದೆ. ಪೂರ್ತಿ ವಾರಗಳಷ್ಟೇ ಹಿಂದೆ ಹೋಗುವುದರಿಂದ ವಾರದ ಹೆಸರು ತಪ್ಪುವುದಿಲ್ಲ. ನಮ್ಮ ಜಾಗ ತೋರಿಸುವುದರಲ್ಲಿ ಇದರಿಂದ ಏನೂ ತೊಂದರೆ ಆಗಿಲ್ಲ. ಸೂರ್ಯೋದಯ, ಭರತ ಇಳಿತದ ಪುಟ ಮಾತ್ರ ನಂಬಬೇಡಿ. ದಿನ ನೋಡಲು ಕ್ಯಾಲೆಂಡರ್ ಇದೆ, ಅಲ್ವಾ?

ಬೋಟಿಗೆ ಹತ್ತಿಸಿದ ಮೇಲೆ ಇನ್ನೊಂದು ಶುರು. ಇಂಜಿನ್ ಸೆಲ್ಫ್ ಹೊಡೆದಾಗಲೆಲ್ಲ ಸೆಟ್ ಆಫ್ ಆಗಿ ಆನ್ ಆಗುವುದು. ಬ್ಯಾಟರಿಯ ಬಾಯಲ್ಲಿ 12.6 ವೋಲ್ಟ್, ಸೆಟ್‌ನ ಪ್ಲಗ್‌ನಲ್ಲಿ 12.4. ನಿಂತಲ್ಲೇ ಅಳೆದರೆ ಎಲ್ಲ ಚೆಂದ. ಸೆಲ್ಫ್ ಹೊಡೆಯುವಾಗ ಭಾವ ಮೀಟರ್ ಹಿಡಿದು ನೋಡಿದರು: ಬ್ಯಾಟರಿಯಲ್ಲಿ 10.8, ಪ್ಲಗ್‌ನಲ್ಲಿ 8.9. ನಡುವೆ ಸುಮಾರು ಎರಡು ವೋಲ್ಟ್ ಯಾರು ತಿಂದರು? ಸ್ವಿಚ್ ಬೋರ್ಡ್ ಹಿಂದೆ ಹುಡುಕಿದರೆ, ಲೈಟಿನ ವಯರ್‌ಗೆ ಸುತ್ತಿ ಟೇಪ್ ಹಾಕಿದ ಒಂದು ಜೋಡಣೆ. ಅದು ನಾನೇ ಎರಡು ವರ್ಷದ ಹಿಂದೆ ಮಾಡಿದ್ದು. ಟೇಪ್ ಬಿಚ್ಚುವಾಗ ಅಂಟು ಕೈಗೆ ಮೆತ್ತಿತು, ಒಳಗಿನ ತಾಮ್ರ ಪುಡಿಪುಡಿ ಉದುರಿತು.

ಬ್ಯಾಟರಿಯಿಂದ ನೇರ ಬೇರೆ ಜೋಡಿ ವಯರ್ ಎಳೆದೆ, ತವರ ಲೇಪಿಸಿದ ತಾಮ್ರದ್ದು. ಸಾದಾ ವಯರ್‌ಗಿಂತ ಬೆಲೆ ಜಾಸ್ತಿ, ಆದರೆ ಮೂರು ಮಳೆಗಾಲ ಆಯಿತು, ತುದಿ ಇನ್ನೂ ಬೆಳ್ಳಗಿದೆ. ಬ್ಯಾಟರಿ ಹತ್ತಿರವೇ ಫ್ಯೂಸ್ ಹಾಕಿದೆ. ಜೋಡಣೆಗೆ ಬಿಸಿ ಮಾಡಿದರೆ ಬಿಗಿಯುವ, ಒಳಗೆ ಅಂಟು ಇರುವ ಕೊಳವೆ. ಸೋಲ್ಡರ್ ಮಾಡಿದರೆ ಸಾಕು ಅನ್ನುವವರಿದ್ದಾರೆ. ಬೋಟಿನ ಅದುರಾಟಕ್ಕೆ ಸೋಲ್ಡರ್ ಮುಗಿಯುವ ಅಂಚಿನಲ್ಲಿ ತಂತಿ ಮುರಿಯುವುದನ್ನು ನಾನು ನೋಡಿದ್ದೇನೆ, ಹಾಗಾಗಿ ವಯರ್ ತುದಿಗೆ ಒತ್ತಿ ಕೂರಿಸುವ ಲೋಹದ ಲಗ್ ನನ್ನ ಆಯ್ಕೆ.

ಮೊದಲ ಸೀಸನ್‌ನಲ್ಲಿ ತಲೆ ತಿಂದದ್ದು ಬೇರೆ. ಹಗಲು ಸರಿ ಇರುವ ಸೆಟ್ ರಾತ್ರಿ ಆಗಾಗ ಸ್ಯಾಟಲೈಟ್ ಬಿಡುವುದು. ರಾತ್ರಿ ಏನು ವ್ಯತ್ಯಾಸ? ಲೈಟು. ಒಂದೊಂದೇ ಆಫ್ ಮಾಡುತ್ತಾ ಬಂದೆವು. ಆಂಟೆನಾದಿಂದ ಒಂದು ಗೇಣು ದೂರದಲ್ಲಿದ್ದ ಅಗ್ಗದ ಎಲ್‌ಇಡಿ ಆಫ್ ಮಾಡಿದ ಕೂಡಲೇ ಪರದೆಯಲ್ಲಿ ಸಿಗ್ನಲ್ ಕಡ್ಡಿಗಳು ಎದ್ದು ನಿಂತವು. ಸ್ಯಾಟಲೈಟ್ ಇರುವುದು ಸುಮಾರು 20 ಸಾವಿರ ಕಿಲೋಮೀಟರ್ ಮೇಲೆ. ಅಲ್ಲಿಂದ ಬರುವ ಸಿಗ್ನಲ್ ಪಿಸುಮಾತಿನ ಹಾಗೆ. ಕಿವಿಯ ಪಕ್ಕದಲ್ಲೇ ಗಲಾಟೆ ಇದ್ದರೆ ಕೇಳುವುದೆಲ್ಲಿಂದ? ಆಂಟೆನಾವನ್ನು ಬೇರೆ ಕಂಬಕ್ಕೆ, ವಿಎಚ್‌ಎಫ್ (ಬೋಟಿನ ವಯರ್‌ಲೆಸ್ ರೇಡಿಯೋ) ಆಂಟೆನಾದಿಂದಲೂ ದೂರಕ್ಕೆ ಹಾಕಿದೆ. ಅಲ್ಲಿಗೆ ಆ ಕಾಟ ಮುಗಿಯಿತು.

ವಿಎಚ್‌ಎಫ್‌ಗೆ ಜಿಪಿಎಸ್ ಜೋಡಿಸುವ ಕತೆ ಇನ್ನೂ ಇದೆ. ಅಪಾಯದಲ್ಲಿ ವಿಎಚ್‌ಎಫ್‌ನ ಕೆಂಪು ಗುಂಡಿ ಒತ್ತಿದರೆ ನಾವು ಇರುವ ಜಾಗವೂ ಹೋಗಬೇಕಾದರೆ ಎರಡರ ನಡುವೆ ವಯರ್ ಬೇಕು. ಹಳೆ ಸೆಟ್‌ಗಳೆಲ್ಲ ಮಾತಾಡುವುದು ಎನ್‌ಎಂಇಎ 0183 ಅನ್ನುವ ಭಾಷೆ, ವೇಗ ಸಾಮಾನ್ಯವಾಗಿ ಸೆಕೆಂಡಿಗೆ 4800 ಬಿಟ್. ನಾನು ನೀಲಿಗೆ ನೀಲಿ, ಕಂದಿಗೆ ಕಂದು ಅಂತ ಬಣ್ಣ ನೋಡಿ ಜೋಡಿಸಿದೆ. ಎಂತದ್ದೂ ಬರಲಿಲ್ಲ. ಬಣ್ಣ ಒಂದೊಂದು ಕಂಪನಿಗೆ ಒಂದೊಂದು. ಒಂದರ ಬಾಯಿ ಇನ್ನೊಂದರ ಕಿವಿಗೆ ಹೋಗಬೇಕು, ನಾನು ಎರಡು ಬಾಯಿಯನ್ನು ಸೇರಿಸಿ ಕಟ್ಟಿದ್ದೆ. ಎರಡೂ ಪುಸ್ತಕ ನೋಡಿ ಬದಲಾಯಿಸಿದೆ, ಆಗಲೂ ಇಲ್ಲ. ಅಕ್ಕನ ಮಗ ಲ್ಯಾಪ್‌ಟಾಪ್ ತಂದು ಯುಎಸ್‌ಬಿ ಸೀರಿಯಲ್ ಕೇಬಲ್ ಹಾಕಿ ನೋಡಿದ. ಪರದೆ ಖಾಲಿ. ಸೆಟ್‌ನ ಮೆನುವಿನಲ್ಲಿ ಆ ಔಟ್‌ಪುಟ್ ಆಫ್ ಆಗಿತ್ತು! ಆನ್ ಮಾಡಿದ ಕೂಡಲೇ ಸಾಲು ಸಾಲಾಗಿ ಇಳಿಯಿತು, ಪ್ರತಿ ಸಾಲಿನ ತಲೆಯಲ್ಲಿ ಡಾಲರ್ ಗುರುತು. ಜಿಪಿಆರ್‌ಎಂಸಿ ಅಂತ ಶುರುವಾಗುವ ಸಾಲಿನಲ್ಲಿ ಸಮಯದ ನಂತರ ಒಂದು ಅಕ್ಷರ ಇರುತ್ತದೆ. ಅದು 'ವಿ' ಆಗಿದ್ದರೆ ಜಾಗ ಇನ್ನೂ ಸಿಕ್ಕಿಲ್ಲ, 'ಎ' ಆದರೆ ಸಿಕ್ಕಿದೆ. ಬೋಟನ್ನು ಮಾಡಿನಡಿಯಿಂದ ಹೊರಗೆ ತಳ್ಳಿದಾಗ 'ವಿ' ಹೋಗಿ 'ಎ' ಬಂದದ್ದನ್ನು ನಾವಿಬ್ಬರೂ ಕ್ರಿಕೆಟ್ ನೋಡಿದ ಹಾಗೆ ನೋಡಿದೆವು. ತಪ್ಪು ವಯರ್‌ನದ್ದೋ ಸೆಟಿಂಗ್‌ನದ್ದೋ ಅಂತ ಐದು ನಿಮಿಷದಲ್ಲಿ ಗೊತ್ತಾಗುವುದು ಇದೊಂದೇ ದಾರಿಯಲ್ಲಿ.

ವಿಎಚ್‌ಎಫ್ ಕೂಡ ಹಳೆಯದಾಗಿದ್ದರೆ ಜಾಗ್ರತೆ. ಅದರೊಳಗೆ ಬೋಟನ್ನು ಗುರುತಿಸುವ ಒಂಬತ್ತು ಅಂಕಿಯ ಎಂಎಂಎಸ್‌ಐ ನಂಬರ್ ಇರುತ್ತದೆ, ಭಾರತದ್ದು 419ರಿಂದ ಶುರು. ಅದು ಹಿಂದಿನ ಬೋಟಿನ ಹೆಸರಿನಲ್ಲೇ ಉಳಿದಿದ್ದರೆ, ನೀವು ಮುಳುಗುವಾಗ ಹುಡುಕುವವರಿಗೆ ಬೇರೆ ಬೋಟಿನ ವಿವರ ಹೋಗುತ್ತದೆ. ಹೆಚ್ಚಿನ ಸೆಟ್‌ಗಳಲ್ಲಿ ನಮ್ಮ ಕೈಯಲ್ಲಿ ಅದನ್ನು ಬದಲಿಸಲು ಆಗುವುದಿಲ್ಲ, ಡೀಲರ್ ಹತ್ತಿರವೇ ಹೋಗಬೇಕು.

ಫಿಶ್ ಫೈಂಡರ್ ಬಗ್ಗೆ ಹೆಚ್ಚಿಲ್ಲ. ಸೆಟ್‌ಗೆ ಹೊಂದುವ 50/200 ಕಿಲೋಹರ್ಟ್ಸ್ ಟ್ರಾನ್ಸ್‌ಡ್ಯೂಸರ್ ಹಳೆಯದೇ ಸಿಕ್ಕಿತು. ನಿಂತಾಗ ಆಳ ತೋರಿಸಿ ಓಡುವಾಗ ಬರೀ ಗೆರೆ ಬರುತ್ತಿದ್ದರೆ ತಳದಲ್ಲಿ ಗುಳ್ಳೆ ಸಾಗುವ ಜಾಗದಲ್ಲಿ ಕೂತಿದೆ ಅಂತ ಅರ್ಥ. ಅರ್ಧ ಗೇಣು ಕೆಳಗಿಳಿಸಿದೆ, ಸರಿಯಾಯಿತು. ಆಳವನ್ನು ಮೀಟರ್ ಬದಲು ಫ್ಯಾದಮ್‌ಗೆ ಇಟ್ಟಿದ್ದೇವೆ, ಯಾಕೆಂದರೆ ಬೋಟ್ ನಡೆಸುವ ನಮ್ಮ ತಾಂಡೇಲರ ಲೆಕ್ಕ ಮಾರಿನಲ್ಲಿ (ಎರಡೂ ಕೈ ಚಾಚಿದಷ್ಟು ಉದ್ದ), ಎರಡೂ ಹೆಚ್ಚುಕಡಿಮೆ ಒಂದೇ.

ಈ ಮೂರು ವರ್ಷದಲ್ಲಿ ನಿಜವಾದ ನಷ್ಟ ಕೊಟ್ಟದ್ದು ಯಾವ ವಯರೂ ಅಲ್ಲ, ಒಂದು ಚುಕ್ಕೆ. ತಾಂಡೇಲರ ಹಳೆ ಪುಸ್ತಕದಲ್ಲಿ ಬಲೆ ಹರಿಯುವ ಕಲ್ಲುಗಳ ಪಾಯಿಂಟ್ (ಅಕ್ಷಾಂಶ, ರೇಖಾಂಶ) ಬರೆದಿಟ್ಟಿದ್ದರು. ಒಂದರ ಅಕ್ಷಾಂಶ ಹೀಗಿತ್ತು: 13 38 50. ನಾನು ಸೆಟ್‌ನಲ್ಲಿ 13 ಡಿಗ್ರಿ 38.50 ನಿಮಿಷ ಅಂತ ಒತ್ತಿದೆ. ಅವರು ಬರೆದದ್ದು 38 ನಿಮಿಷ 50 ಸೆಕೆಂಡ್. 50 ಸೆಕೆಂಡ್ ಅಂದರೆ 0.83 ನಿಮಿಷ. ಉತ್ತರ ದಕ್ಷಿಣಕ್ಕೆ ಒಂದು ನಿಮಿಷ ಅಂದರೆ ಒಂದು ನಾಟಿಕಲ್ ಮೈಲು, 1852 ಮೀಟರ್. ಹಾಗಾಗಿ ಕಲ್ಲು ಸೆಟ್‌ನಲ್ಲಿ ತನ್ನ ಜಾಗದಿಂದ 600 ಮೀಟರ್‌ಗೂ ಹೆಚ್ಚು ದಕ್ಷಿಣಕ್ಕೆ ಹೋಗಿ ಕುಳಿತಿತ್ತು. ಕಲ್ಲು ತಪ್ಪಿಸಿ ಬಲೆ ಬಿಟ್ಟೆವು ಅಂದುಕೊಂಡು ಕಲ್ಲಿನ ಮೇಲೆಯೇ ಬಿಟ್ಟೆವು. ಎಳೆಯುವಾಗ ತಾಂಡೇಲರು ಒಂದೇ ಮಾತು ಹೇಳಿದ್ದು: "ತಮ್ಮಾ, ನನ್ ಪುಸ್ತಕ ತಪ್ಪಲ್ಲ." ಎಂಟು ತುಂಡು ಬಲೆ ಹೋಯಿತು. ಸೆಟ್‌ಗೆ ಕೊಟ್ಟದ್ದಕ್ಕಿಂತ ಜಾಸ್ತಿ.

ಹೈದರಾಬಾದಿನ ಸಮುದ್ರ ಮಾಹಿತಿ ಕೇಂದ್ರ ಇನ್‌ಕಾಯಿಸ್‌ನವರು ಮೀನು ಸಿಗಬಹುದಾದ ಜಾಗದ ಮಾಹಿತಿ ಕೊಡುತ್ತಾರಲ್ಲ, ಅದರಲ್ಲೂ ಡಿಗ್ರಿ, ನಿಮಿಷ, ಸೆಕೆಂಡ್ ಲೆಕ್ಕವೇ. ನಿಮ್ಮ ಸೆಟ್ ಯಾವ ಲೆಕ್ಕದಲ್ಲಿದೆ ಅಂತ ಮೊದಲು ನೋಡಿಕೊಳ್ಳಿ. ಅದೇ ಪುಟದಲ್ಲಿ ಡೇಟಮ್ (ಜಾಗದ ಅಳತೆಗೆ ಹಿಡಿಯುವ ಆಧಾರ) ಅಂತಲೂ ಇರುತ್ತದೆ, ಡಬ್ಲ್ಯುಜಿಎಸ್ 84 ಇರಬೇಕು. ಬೇರೆ ದೇಶದಿಂದ ಬಂದ ಸೆಟ್‌ನಲ್ಲಿ ಟೋಕಿಯೋ ಅಂತಿದ್ದರೆ ನೂರಾರು ಮೀಟರ್ ತಪ್ಪು ತೋರಿಸುತ್ತದೆ, ಪರದೆ ಮಾತ್ರ ಎಲ್ಲ ಸರಿ ಇದೆ ಅಂತ ನಗುತ್ತಿರುತ್ತದೆ. ಧಕ್ಕೆಯಲ್ಲಿ ಕಟ್ಟಿದ ಬೋಟು ಚಾರ್ಟ್‌ನಲ್ಲಿ ರಸ್ತೆ ಮೇಲೆ ನಿಂತಿದ್ದರೆ ಮೊದಲು ಇದನ್ನೇ ನೋಡಿ.

ಖರ್ಚು ಕೂಡಿಸಿದರೆ ಸೆಟ್ 26 ಸಾವಿರ, ಆಂಟೆನಾ 3,500, ಟ್ರಾನ್ಸ್‌ಡ್ಯೂಸರ್ 6,000, ವಯರ್, ಫ್ಯೂಸ್, ಕೊಳವೆ ಎಲ್ಲ ಸೇರಿ 2,200. ಬಲೆಯನ್ನು ಲೆಕ್ಕಕ್ಕೆ ಹಿಡಿದಿಲ್ಲ. ಪರದೆಯ ಎಡ ಮೂಲೆ ಈಗ ಸ್ವಲ್ಪ ಕಪ್ಪಾಗಿದೆ, ಜೂಮ್ ಗುಂಡಿಯ ರಬ್ಬರ್ ಹರಿದಿದೆ, ಮಧ್ಯಾಹ್ನದ ಬಿಸಿಲಿಗೆ ಟವೆಲ್ ಅಡ್ಡ ಹಿಡಿದು ನೋಡಬೇಕು. ಐದಕ್ಕೆ ಮೂರೂವರೆ ಕೊಡುತ್ತೇನೆ. ಮೀಟರ್ ಹಿಡಿಯಲು ಬಾರದವರಿಗೆ ಎರಡು.

ಒಂದು ವಿಷಯ ಬಿಟ್ಟಿದ್ದೆ. ಮಾರಿದವರು ತಮ್ಮ ಪಾಯಿಂಟ್‌ಗಳನ್ನು ಅಳಿಸಿರಲಿಲ್ಲ. ಮುನ್ನೂರಕ್ಕೂ ಹೆಚ್ಚು ಇದ್ದವು. ನಾನೂ ಅಳಿಸಲಿಲ್ಲ, ಸುಳ್ಳು ಯಾಕೆ, ಕೆಲವನ್ನು ಉಪಯೋಗಿಸಿಕೊಂಡೆ ಕೂಡ. ಕಳೆದ ರಜೆಯಲ್ಲಿ ಅವರೇ ಫೋನ್ ಮಾಡಿದರು. ಹೊಸ ಸೆಟ್‌ನ ಮೆಮೊರಿ ಪೂರ್ತಿ ಹೋಗಿದೆಯಂತೆ. "ಹಳೆಯದರಲ್ಲಿ ನನ್ನ ಪಾಯಿಂಟ್ ಇದ್ದವಲ್ಲ, ಬರೆದು ಕೊಡ್ತೀರಾ?" ಎರಡು ಸಂಜೆ ಕೂತು ಇನ್ನೂರು ಪುಟದ ನೋಟ್‌ಬುಕ್‌ನಲ್ಲಿ ಬರೆದೆ. ಕಳಿಸುವ ಮೊದಲು ಫೋನ್ ಮಾಡಿ ಕೇಳಿದೆ, "ಸೆಕೆಂಡ್‌ನಲ್ಲಿ ಬೇಕೋ, ನಿಮಿಷದ ಪಾಯಿಂಟ್‌ನಲ್ಲಿ ಬೇಕೋ?" ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಂದರು, "ಎರಡೂ ಬೇರೆ ಬೇರೆಯಾ?"