ಹೊಸ ಕ್ರೌನ್‌ಗೆ ಯಾವ ಗೇರ್ ಆಯಿಲ್? ಮೂರೂ ಹಾಕಿ ನೋಡಿದೆ

ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ ನಮ್ಮ ಬೊಲೆರೊದ ಹಿಂದಿನ ಹೌಸಿಂಗ್ (ಹಿಂದಿನ ಚಕ್ರಗಳ ನಡುವಿನ ಗೇರ್ ಪೆಟ್ಟಿಗೆ) ಗುಂಯ್ ಅನ್ನತೊಡಗಿತ್ತು. ಬಿಚ್ಚಿಸಿದರೆ ಪಿನಿಯನ್ ಅನ್ನುವ ಚಿಕ್ಕ ಗೇರಿನ ಬೇರಿಂಗ್ ಹೋಗಿತ್ತು, ಅದು ತಿರುಗಿಸುವ ದೊಡ್ಡ ಗೇರ್, ಅಂದರೆ ಕ್ರೌನಿನ ಹಲ್ಲೂ ಸವೆದಿತ್ತು. ಹೊಸ ಕ್ರೌನ್ ಪಿನಿಯನ್ ಸೆಟ್, ಬೇರಿಂಗ್, ಸೀಲ್ ಎಲ್ಲ ಹಾಕಿಸಿದೆ. ಮೇಸ್ತ್ರಿ ಹಲ್ಲಿಗೆ ನೀಲಿ ಬಣ್ಣ ಬಳಿದು, ಬಣ್ಣದ ಗುರುತು ಹಲ್ಲಿನ ನಡುವೆ ಬೀಳುವವರೆಗೆ ಶಿಮ್ (ಅಂತರ ಹೊಂದಿಸುವ ತೆಳು ತಗಡು) ಬದಲಿಸುತ್ತಲೇ ಇದ್ದರು. ಒಂದು ದಿನ ಪೂರ್ತಿ ಅದಕ್ಕೇ ಹೋಯಿತು. ಆದರೆ ಯಾವ ಆಯಿಲ್ ಅಂತ ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು.

ಮೇಸ್ತ್ರಿ ತುಂಬಿದ್ದು 85ಡಬ್ಲ್ಯು-140 (ಮೊದಲಿನ ನಂಬರ್ ಚಳಿಯಲ್ಲಿನ ದಪ್ಪಕ್ಕೆ, ಕೊನೆಯದು ಬಿಸಿಯಾದಾಗಿನ ದಪ್ಪಕ್ಕೆ). ಲೋಡ್ ಗಾಡಿಗೆ ದಪ್ಪ ಆಯಿಲ್ ಬೇಕು ಅನ್ನುವುದು ಅವರ ಲೆಕ್ಕ. ಗಾಡಿ ಸದ್ದೇ ಇಲ್ಲದೆ ಓಡಿತು. ಆದರೆ ಉಜಿರೆಯಿಂದ ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರದಲ್ಲಿ ನಿಲ್ಲಿಸಿ ಹೌಸಿಂಗ್ ಮುಟ್ಟಿದರೆ, ಎರಡು ಎಣಿಸುವಷ್ಟರಲ್ಲಿ ಕೈ ತೆಗೆಯಬೇಕು. ಹೊಸ ಬೇರಿಂಗ್ ಬಿಗಿಯಾಗಿರುತ್ತದೆ, ಹೊಸ ಹಲ್ಲು ಒಂದಕ್ಕೊಂದು ಉಜ್ಜಿ ಹೊಂದಿಕೊಳ್ಳಬೇಕು. ಹಾಗಾಗಿ ಶುರುವಿಗೆ ಬಿಸಿ ಜಾಸ್ತಿಯೇ. ಅದರ ಮೇಲೆ ದಪ್ಪ ಆಯಿಲ್ ಕಲಕುವ ಬಿಸಿಯೂ ಸೇರಿಕೊಂಡರೆ? 300 ಕಿಲೋಮೀಟರಿಗೇ ಇಳಿಸಿಬಿಟ್ಟೆ.

ಎರಡನೆಯದು ಸಾದಾ ಮಿನರಲ್ 80ಡಬ್ಲ್ಯು-90. ಅಂಗಡಿಯವರು '90 ಆಯಿಲ್' ಅಂತ ಕೊಟ್ಟ ಕ್ಯಾನ್ ತಿರುಗಿಸಿ ನೋಡಿದರೆ ಜಿಎಲ್-4 (ಜಿಎಲ್ ಅಂದರೆ ಆಯಿಲ್ ಹಲ್ಲನ್ನು ಎಷ್ಟು ಕಾಪಾಡುತ್ತದೆ ಅನ್ನುವ ದರ್ಜೆ). ವಾಪಸ್ ಕೊಟ್ಟು ಜಿಎಲ್-5 ಕೇಳಿ ತಂದೆ. ಇದನ್ನು ದಯವಿಟ್ಟು ಗಮನಿಸಿ. ಇಂಥ ಹೌಸಿಂಗಿನಲ್ಲಿ ಪಿನಿಯನ್ ಕ್ರೌನಿನ ನಡುಮಧ್ಯಕ್ಕೆ ಬರುವುದಿಲ್ಲ, ಸ್ವಲ್ಪ ಕೆಳಗಿರುತ್ತದೆ. ಹಲ್ಲುಗಳು ಉರುಳುವುದಷ್ಟೇ ಅಲ್ಲ, ಒಂದರ ಮೇಲೊಂದು ಜಾರುತ್ತವೆ. ಆ ಜಾರಾಟಕ್ಕೆ ಜಿಎಲ್-5ರಲ್ಲಿರುವಷ್ಟು ಗಂಧಕ-ರಂಜಕದ ಮದ್ದು ಬೇಕೇ ಬೇಕು. ಹಾಗಂತ ಅದೇ ಕ್ಯಾನನ್ನು ಗೇರ್‌ಬಾಕ್ಸಿಗೂ ಸುರಿಯಬೇಡಿ. ಅಲ್ಲಿ ಹಿತ್ತಾಳೆಯ ರಿಂಗುಗಳಿದ್ದರೆ ಅದಕ್ಕೆ ಒಳ್ಳೆಯದಲ್ಲ.

ಈ ಆಯಿಲಿನಲ್ಲಿ ಮೊದಲ ವಾರ ಇಪ್ಪತ್ತು ನಿಮಿಷ ಓಡಿಸಿ ಆರಲು ಬಿಡುತ್ತಿದ್ದೆ. ಗೊಬ್ಬರದ ಚೀಲ ಒಂದೂ ಹೇರಲಿಲ್ಲ. ಅದೇ ಘಾಟಿ ಹತ್ತಿದ ಮೇಲೆ ಕೈ ಐದಾರು ಎಣಿಕೆ ನಿಂತಿತು. 1000 ಕಿಲೋಮೀಟರಿಗೆ ಇಳಿಸಿದಾಗ ಬಂದದ್ದು ಬೆಳ್ಳಿ ಬಣ್ಣ ಕಲಸಿದಂಥ ಆಯಿಲ್. ಡ್ರೈನ್ ಪ್ಲಗ್ಗಿನ ಅಯಸ್ಕಾಂತಕ್ಕೆ ಬೂದು ಬಣ್ಣದ ಪೇಸ್ಟ್ ಮೆತ್ತಿಕೊಂಡಿತ್ತು. ಬೆರಳಲ್ಲಿ ತಿಕ್ಕಿದೆ, ನುಣ್ಣಗಿತ್ತು. ಚೂರು ಸಿಕ್ಕಿದ್ದರೆ ಮತ್ತೆ ಬಿಚ್ಚಿಸಬೇಕಿತ್ತು. ಆ ಪೇಸ್ಟ್ ನೋಡಿದ ಮೇಲೆ ನನಗೆ ಅನುಮಾನ ಉಳಿಯಲಿಲ್ಲ. ಮೊದಲು ಹಾಕುವ ಆಯಿಲ್ ಚೆಲ್ಲುವುದಕ್ಕೇ ಇರುವುದು. ಅದಕ್ಕೆ ದುಬಾರಿ ಕ್ಯಾನ್ ಯಾಕೆ, ಅಲ್ವಾ?

ಆಮೇಲೆ ಸಿಂಥೆಟಿಕ್ 75ಡಬ್ಲ್ಯು-90 ತುಂಬಿದೆ. ಚಳಿಯ ಬೆಳಗ್ಗೆ ಮೊದಲ ಒಂದೆರಡು ಕಿಲೋಮೀಟರ್ ಗಾಡಿ ಹಗುರಾಗಿ ಹೋಗುತ್ತದೆ. ಬಿಸಿಯಾದ ಮೇಲೆ ಸಾದಾ ಆಯಿಲಿಗೂ ಇದಕ್ಕೂ ನನಗೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಕಾಣಬೇಕಾಗಿಯೂ ಇಲ್ಲ, 100 ಡಿಗ್ರಿಯಲ್ಲಿ ಎರಡೂ ಅದೇ 90ರ ದಪ್ಪವೇ. ಸಿಂಥೆಟಿಕ್ಕಿನ ಲಾಭ ಬಿಸಿ ತಡೆದುಕೊಂಡು ಹೆಚ್ಚು ದಿನ ಬಾಳುವುದರಲ್ಲಿ.

140ಕ್ಕೆ ಅನ್ಯಾಯ ಮಾಡಿದೆನೇನೋ ಅಂತ ಮನಸ್ಸು ಕೊರೆಯುತ್ತಿತ್ತು. ಅದನ್ನು ನೋಡಿದ್ದು ಹಲ್ಲು ಹೊಸದಾಗಿದ್ದಾಗ ತಾನೆ? ಮಳೆ ಹಿಡಿಯುವ ಮೊದಲು ಎರಡು ವಾರ ಮತ್ತೆ ಅದನ್ನೇ ತುಂಬಿ ಓಡಿಸಿದೆ. ಬಿಸಿ ಈ ಸಲ ಕಡಿಮೆ, ಆದರೂ 90ಕ್ಕಿಂತ ಜಾಸ್ತಿಯೇ. ಹಲ್ಲು ಸವೆದು ಗುಂಯ್‌ಗುಟ್ಟುವ ಹಳೇ ಹೌಸಿಂಗಿಗಾದರೆ ಅದು ಸರಿ. ಹೊಸದಕ್ಕೆ, ಕಂಪನಿಯ ಪುಸ್ತಕವೇ 140 ಅಂತ ಹೇಳದಿದ್ದರೆ, ನಾನು ಹಾಕುವುದಿಲ್ಲ.

ಯಾವುದೇ ಆಯಿಲ್ ಇರಲಿ, ಆಯಿಲ್ ತುಂಬುವ ಮೇಲಿನ ಫಿಲ್ಲರ್ ಪ್ಲಗ್ ಮೊದಲು ಬಿಚ್ಚಿ. ಕೆಳಗಿನದು ಬಿಚ್ಚಿ ಆಯಿಲ್ ಇಳಿಸಿದ ಮೇಲೆ ಮೇಲಿನದು ತುಕ್ಕು ಹಿಡಿದು ಕೂತಿದ್ದರೆ ಗಾಡಿ ಅಲ್ಲೇ ನಿಲ್ಲುತ್ತದೆ. ಹೌಸಿಂಗಿನ ಗಾಳಿ ಹೊರಹೋಗುವ ಬ್ರೀದರ್ ಕೆಸರು ಕಟ್ಟಿದೆಯಾ ಅಂತಲೂ ನೋಡಿ. ಕಟ್ಟಿದ್ದರೆ ಒಳಗೆ ಒತ್ತಡ ಏರಿ ಹೊಸ ಸೀಲೂ ಸೋರುತ್ತದೆ.

ಈಗ ನಮ್ಮ ಗಾಡಿಯಲ್ಲಿ ಸಿಂಥೆಟಿಕ್ ಇದೆ. ಮುಂದಿನ ತಿಂಗಳು ತಮ್ಮನ ಪಿಕಪ್‌ಗೆ ಕ್ರೌನ್ ಕೂರಿಸಬೇಕು. ಅದಕ್ಕೆ ಅಂತ ಸಾದಾ 80ಡಬ್ಲ್ಯು-90 ಈಗಲೇ ತಂದಿಟ್ಟಿದ್ದೇನೆ.