ಮೂರು ಹಾಫ್ ಮ್ಯಾರಥಾನ್, ಮೂರು ರೀತಿ: ಅರವತ್ತರ ಕಾಲಿಗೆ ಒಗ್ಗಿದ್ದು ಯಾವುದು?

ಮೊದಲ ಹಾಫ್ ಮ್ಯಾರಥಾನ್ ಓಡಿದಾಗ ನನಗೆ 58. ಮೂರನೆಯದಕ್ಕೆ 60 ತುಂಬಿತ್ತು. ದೂರ ಮೂರಕ್ಕೂ ಒಂದೇ, 21.0975 ಕಿಲೋಮೀಟರ್. ಗುರಿಯೂ ಒಂದೇ, 2 ಗಂಟೆ 20 ನಿಮಿಷ. ಓಡಿದ ರೀತಿ ಮಾತ್ರ ಬೇರೆ ಬೇರೆ. ಮೊದಲ ಸಲ ಶುರುವಿನಲ್ಲೇ ಜೋರಾಗಿ ಹೋಗಿ ಅದನ್ನೇ ಉಳಿಸಿಕೊಳ್ಳಲು ನೋಡಿದೆ. ಎರಡನೇ ಸಲ ನಾಲ್ಕು ನಿಮಿಷ ಓಟ, ಒಂದು ನಿಮಿಷ ನಡಿಗೆ. ಮೂರನೇ ಸಲ ಎಲ್ಲೂ ನಿಲ್ಲದೆ ಓಡಿದೆ, ಆದರೆ ಶುರು ತೀರಾ ನಿಧಾನ. ಈ ವಯಸ್ಸಿನಲ್ಲಿ ಓಡುವ ಬೇರೆಯವರಿಗೂ ಉಪಯೋಗವಾಗಲಿ ಅಂತ ಮೂರನ್ನೂ ಪಕ್ಕಪಕ್ಕ ಇಟ್ಟು ಬರೆಯುತ್ತಿದ್ದೇನೆ.

ಮೊದಲನೆಯದರ ಲೆಕ್ಕಾಚಾರ ಸುಲಭವಾಗಿತ್ತು. 2:20ಕ್ಕೆ ಮುಗಿಸಲು ಕಿಲೋಮೀಟರಿಗೆ 6:38, ಅಂದರೆ 6 ನಿಮಿಷ 38 ಸೆಕೆಂಡ್ ಸಾಕು. ಕೊನೆಯಲ್ಲಿ ಹೇಗೂ ಸುಸ್ತಾಗುತ್ತೆ, ಮೊದಲೇ ಸ್ವಲ್ಪ ಸಮಯ ಉಳಿಸಿಟ್ಟುಕೊಳ್ಳೋಣ ಅಂತ 6:20ರಲ್ಲಿ ಹೊರಟೆ. ಮೊದಲ 5 ಕಿಲೋಮೀಟರ್ 31:40. ಒಂದೂವರೆ ನಿಮಿಷ ಉಳಿದಿತ್ತು. ಮುಂದಿನ ಐದು 32:30. ಹತ್ತು ದಾಟಿದಾಗ ಮೈಯೆಲ್ಲ ಹಗುರ, ಇವತ್ತು ನನ್ನದೇ ದಿನ ಅನ್ನಿಸಿತ್ತು. ಆಮೇಲಿನ ಐದಕ್ಕೆ 34:20 ಆಯಿತು. 15ರಿಂದ 20ರವರೆಗಿನ ಐದು ಕಿಲೋಮೀಟರ್ ತೆಗೆದುಕೊಂಡಿದ್ದು 38:30. ಅಂದರೆ ಮೊದಲ ಐದರಲ್ಲಿ ಉಳಿಸಿದ್ದು ಒಂದೂವರೆ ನಿಮಿಷ, ಈ ಒಂದು ತುಂಡಿನಲ್ಲೇ ಕಳೆದುಕೊಂಡಿದ್ದು ಐದು ನಿಮಿಷಕ್ಕೂ ಜಾಸ್ತಿ.

16ನೇ ಕಿಲೋಮೀಟರಿನಲ್ಲಿ ಎಡಗಾಲಿನ ಮೀನಖಂಡ ಗಂಟು ಕಟ್ಟಿಕೊಂಡಿತು. ಬೆರಳಿನಿಂದ ಒತ್ತಿದರೆ ಕಲ್ಲು. ಹಿಮ್ಮಡಿ ನೆಲಕ್ಕೆ ತಾಗಿಸಿದರೆ ನೋವು, ಎತ್ತಿದರೂ ನೋವು. ಪಾದ ಪೂರ್ತಿ ಚಪ್ಪಟೆಯಾಗಿ ಇಟ್ಟು, ಕಾಲು ಎಳೆದುಕೊಂಡು ಹೋದೆ. ಅಷ್ಟರಲ್ಲಿ ಪಕ್ಕದಲ್ಲಿ ಬೀಪ್ ಅಂತ ಸದ್ದಾಯಿತು. ಆ ಸದ್ದು ಬೆಳಗ್ಗಿನಿಂದಲೂ ಕೇಳಿಸುತ್ತಿತ್ತು. ನನಗಿಂತ ಐದಾರು ವರ್ಷ ದೊಡ್ಡವರಿರಬೇಕು, ಒಬ್ಬ ಮಹಿಳೆ. ವಾಚು ಬೀಪ್ ಅಂದಾಗ ನಡೆಯುತ್ತಿದ್ದರು, ಇನ್ನೊಮ್ಮೆ ಬೀಪ್ ಅಂದಾಗ ಓಡುತ್ತಿದ್ದರು. ಮೊದಲ ಕೆಲವು ಕಿಲೋಮೀಟರಿನಲ್ಲಿ ಅವರು ನಡೆದಾಗಲೆಲ್ಲ ನಾನು ಮುಂದೆ ಹೋಗಿದ್ದೆ. ಈಗ ಅವರು ನನ್ನ ಕಾಲು ನೋಡಿ, ‘ಒಂದು ನಿಮಿಷ ನಡೀರಿ, ಸಡಿಲ ಆಗುತ್ತೆ’ ಅಂದರು. ಮತ್ತೆ ಬೀಪ್. ಹೋಗಿಯೇಬಿಟ್ಟರು. ಮುಗಿಯುವವರೆಗೂ ಅವರು ಕಾಣಿಸಲಿಲ್ಲ.

ನನ್ನ ಸಮಯ 2:25:58.

ಆಮೇಲೆ ನಾಲ್ಕು ದಿನ ಮೆಟ್ಟಿಲನ್ನು ಅಡ್ಡಡ್ಡ ಇಳಿದೆ. ಹಗುರವಾಗಿ ಓಡಲು ಹತ್ತು ದಿನ ಬೇಕಾಯಿತು. ವಯಸ್ಸಾದಂತೆ ಮಾಂಸಖಂಡವೂ ಸ್ನಾಯುರಜ್ಜುವೂ ಸುಧಾರಿಸಿಕೊಳ್ಳಲು ಹೆಚ್ಚು ಸಮಯ ಕೇಳುತ್ತವೆ. ಓದಿ ಗೊತ್ತಿತ್ತು. ಮೈಗೆ ತಿಳಿದದ್ದು ಆ ವಾರ.

ಎರಡನೇ ಸಲ ಆ ಮಹಿಳೆಯ ದಾರಿಯನ್ನೇ ಹಿಡಿದೆ. ಓಟ-ನಡಿಗೆಯ ಈ ಪದ್ಧತಿಯನ್ನು ಜನಪ್ರಿಯ ಮಾಡಿದ್ದು ಅಮೆರಿಕದ ಜೆಫ್ ಗ್ಯಾಲೋವೇ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಡಿದ್ದವರು. ಇದರ ಜೀವಾಳ ಒಂದೇ ಮಾತಿನಲ್ಲಿದೆ: ಸುಸ್ತಾಗುವ ಮೊದಲೇ ನಡೆಯಬೇಕು. ಸುಸ್ತಾದ ಮೇಲೆ ನಡೆಯುವುದು ಬೇರೆ, ಅದು ಸೋತು ನಡೆಯುವುದು. ಮೊದಲ ಓಟದಲ್ಲಿ ನಾನು ಮಾಡಿದ್ದು ಅದನ್ನೇ.

ಹೇಳಿದಷ್ಟು ಸುಲಭ ಅಲ್ಲ ಇದು. ಓಟ ಶುರುವಾಗಿ ನಾಲ್ಕೇ ನಿಮಿಷ, ಉಸಿರು ಕೂಡ ಏರಿಲ್ಲ, ವಾಚು ನಡಿ ಅನ್ನುತ್ತದೆ. ಎಡಕ್ಕೂ ಬಲಕ್ಕೂ ನೂರಾರು ಜನ ದಾಟಿಕೊಂಡು ಹೋಗುತ್ತಾರೆ. ಆಗ ನಡೆಯಲು ಗಟ್ಟಿ ಮನಸ್ಸು ಬೇಕು. ಇನ್ನೊಂದು ಮಾತು, ಗುಂಪಿನ ನಡುವೆ ದಿಢೀರಂತ ನಿಂತರೆ ಹಿಂದಿನವರು ಬಂದು ಡಿಕ್ಕಿ ಹೊಡೆಯುತ್ತಾರೆ. ಕೈ ಎತ್ತಿ ಸೂಚನೆ ಕೊಟ್ಟು, ರಸ್ತೆಯ ಅಂಚಿಗೆ ಬಂದು ಆಮೇಲೆ ನಡೆಯಬೇಕು. ನೀರಿನ ಮೇಜುಗಳೂ ನಮ್ಮ ನಿಮಿಷಕ್ಕೆ ಸರಿಯಾಗಿ ಬರುವುದಿಲ್ಲ. ನಾನು ಮೇಜು ಕಂಡಾಗ ನಡಿಗೆಯನ್ನು ಅರ್ಧ ನಿಮಿಷ ಹಿಂದೆ ಮುಂದೆ ಮಾಡಿಕೊಂಡೆ. ನಡೆಯುತ್ತಾ ಕುಡಿದರೆ ಲೋಟದ ನೀರು ಪೂರ್ತಿ ಹೊಟ್ಟೆಗೆ ಹೋಗುತ್ತದೆ, ಅರ್ಧ ಅಂಗಿಯ ಮೇಲೆ ಚೆಲ್ಲುವುದಿಲ್ಲ. ವಯಸ್ಸಾದಂತೆ ಬಾಯಾರಿಕೆ ತಡವಾಗಿ ಗೊತ್ತಾಗುತ್ತದೆ. ಹಾಗಾಗಿ ಇದು ನನಗೆ ಸಣ್ಣ ಲಾಭ ಅಲ್ಲ.

ಓಡುವಾಗ ಕಿಲೋಮೀಟರಿಗೆ 6:30ರ ವೇಗ, ನಡಿಗೆಯಲ್ಲಿ 10 ನಿಮಿಷದ ವೇಗ. ಎರಡೂ ಸೇರಿ ಸರಾಸರಿ 7:00. ಒಟ್ಟು 25 ಸಲ ನಡೆದೆ. ಓಡುವಾಗ ಎದೆಬಡಿತ 145ರ ಹತ್ತಿರ ಇರುತ್ತಿತ್ತು, ನಡಿಗೆಯ ಕೊನೆಗೆ 130ಕ್ಕೆ ಇಳಿಯುತ್ತಿತ್ತು. ಮೊದಲ ಓಟದಲ್ಲಿ ಮೂರನೇ ಕಿಲೋಮೀಟರಿಗೇ 158 ಮುಟ್ಟಿತ್ತು. 17 ದಾಟಿದ ಮೇಲೆ ಒಂದು ತೊಂದರೆ ಕಂಡಿತು: ನಡಿಗೆಯಿಂದ ಮತ್ತೆ ಓಟಕ್ಕೆ ಬರುವ ಮೊದಲ ಹತ್ತು ಹೆಜ್ಜೆಗೆ ಮಂಡಿ ಬಿಗಿ ಬಿಗಿ. ಅದಕ್ಕೆ ಕೊನೆಯ 3 ಕಿಲೋಮೀಟರ್ ನಡಿಗೆ ಬಿಟ್ಟು ಒಂದೇ ಸಮನೆ ಓಡಿದೆ.

ಸಮಯ 2:26:10. ಮೊದಲನೆಯದಕ್ಕಿಂತ ಬರೀ 12 ಸೆಕೆಂಡ್ ಜಾಸ್ತಿ! ಅದೂ ಬಿಸಿಲು ಹೆಚ್ಚಿದ್ದ ದಿನ. 25 ಸಲ ನಡೆದವರಿಗೂ, ಹಲ್ಲು ಕಚ್ಚಿ ಓಡಿದವರಿಗೂ 12 ಸೆಕೆಂಡ್ ವ್ಯತ್ಯಾಸ. ಮಾರನೇ ದಿನ ಮೆಟ್ಟಿಲು ನೇರವಾಗಿ ಇಳಿದೆ. ಮೂರನೇ ದಿನ ಓಡಿದೆ.

ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಒಂದು ಆಸೆ ಉಳಿದಿತ್ತು. ಇಡೀ ದೂರವನ್ನು ಒಮ್ಮೆಯಾದರೂ ನಡೆಯದೆ, ಚೆನ್ನಾಗಿ ಓಡಬೇಕು. ನನಗೆ ಓಟ ಅಂದರೆ ಆ ಲಯ. ಮೂರನೇ ನಿಮಿಷಕ್ಕೆ ಕೂಡಿಬಂದ ಲಯವನ್ನು ನಾಲ್ಕನೇ ನಿಮಿಷಕ್ಕೆ ಮುರಿಯುವುದು ಕೊನೆಯವರೆಗೂ ಹಿಡಿಸಲಿಲ್ಲ.

ಮೂರನೇ ಓಟಕ್ಕೆ ನಿಯಮ ಒಂದೇ: ಮೊದಲ 5 ಕಿಲೋಮೀಟರ್ ಪೂರ್ತಿ ವಾಕ್ಯ ಮಾತಾಡುವಷ್ಟು ಉಸಿರಿರಬೇಕು. ಎದೆಬಡಿತದ ಲೆಕ್ಕಕ್ಕೆ ನಾನು ಜಾಸ್ತಿ ಬೆಲೆ ಕೊಡಲಿಲ್ಲ, ಕಾರಣ ಇದೆ. 220ರಲ್ಲಿ ವಯಸ್ಸು ಕಳೆಯುವ ಹಳೇ ಸೂತ್ರದಂತೆ ನನ್ನ ಗರಿಷ್ಠ ಎದೆಬಡಿತ 160. 208ರಲ್ಲಿ ವಯಸ್ಸಿನ 0.7 ಪಟ್ಟು ಕಳೆಯುವ ಇನ್ನೊಂದು ಸೂತ್ರದಂತೆ 166. ಬಡಿತ ಅಳೆಯುವ ಎದೆಪಟ್ಟಿ ಕಟ್ಟಿಕೊಂಡು ಏರಿನಲ್ಲಿ ಓಡಿದಾಗ ನಾನೇ 171 ನೋಡಿದ್ದೇನೆ. ಸೂತ್ರಗಳು ಸರಾಸರಿಗೆ ಸರಿ, ಒಬ್ಬೊಬ್ಬರ ಮೈಗೆ ಅಲ್ಲ. ಉಸಿರು ಸುಳ್ಳು ಹೇಳುವುದಿಲ್ಲ, ಅಲ್ವಾ?

ಮೊದಲ 5 ಕಿಲೋಮೀಟರ್ 35:00. ಹತ್ತಕ್ಕೆ 1:08:45, ಅಂದರೆ ಮೊದಲ ಸಲಕ್ಕಿಂತ ನಾಲ್ಕೂವರೆ ನಿಮಿಷ ಹಿಂದೆ. ಆಗ ಹೊಟ್ಟೆಯಲ್ಲಿ ಸಣ್ಣ ಕಳವಳ ಆಗಿದ್ದು ನಿಜ. ಆಮೇಲೆ ಪ್ರತಿ ತುಂಡೂ ಸ್ವಲ್ಪ ಸ್ವಲ್ಪ ಚುರುಕಾಯಿತು: 33:20, 32:55. ಹಿಂದೆ ಮೀನಖಂಡ ಕೈಕೊಟ್ಟಿದ್ದ 16ನೇ ಕಿಲೋಮೀಟರ್ ಬಂದಾಗ ಎಡಗಾಲಿನ ಮೇಲೇ ಗಮನ. ಏನೂ ಆಗಲಿಲ್ಲ. ಅಲ್ಲಿಂದ ಮುಂದೆ ಪ್ರತಿ ನಿಮಿಷವೂ ಯಾರನ್ನಾದರೂ ದಾಟುತ್ತಿದ್ದೆ. ಮೊದಲ ಕಿಲೋಮೀಟರಿನಲ್ಲಿ ನನ್ನನ್ನು ಹಿಂದೆ ಹಾಕಿದ ಕೆಂಪು ಟೋಪಿಯ ಹುಡುಗನೂ ಅವರಲ್ಲಿದ್ದ, ಸೊಂಟಕ್ಕೆ ಕೈ ಕೊಟ್ಟು ನಡೆಯುತ್ತಿದ್ದ. ‘ಬಾರಪ್ಪ, ಇನ್ನೇನು ಬಂತು’ ಅಂದೆ. ಅವನು ಒಂದಷ್ಟು ದೂರ ಜೊತೆಗೆ ಓಡಿದ. ಕೊನೆಯ ಕಿಲೋಮೀಟರ್ 6:10ರಲ್ಲಿ ಬಂತು. ಒಟ್ಟು 2:21:46. ಗುರಿ ಸಿಗಲಿಲ್ಲ, ಆದರೆ ಮೊದಲನೆಯದಕ್ಕಿಂತ ನಾಲ್ಕು ನಿಮಿಷಕ್ಕೂ ಹೆಚ್ಚು ಬೇಗ. ಎರಡು ದಿನ ತೊಡೆ ನೋಯುತ್ತಿತ್ತು, ಐದನೇ ದಿನ ಓಟಕ್ಕೆ ಮರಳಿದೆ.

ಇದನ್ನೆಲ್ಲ ನಿಧಾನ ಶುರುವಿನ ಲೆಕ್ಕಕ್ಕೇ ಬರೆದರೆ ತಪ್ಪಾಗುತ್ತದೆ. ಮೂರನೇ ಸಲ ಹವೆ ತಂಪಾಗಿತ್ತು. ಮೊದಲೆರಡು ಓಟಕ್ಕೆ ವಾರಕ್ಕೆ 25 ಕಿಲೋಮೀಟರ್ ಓಡುತ್ತಿದ್ದೆ, ಅಭ್ಯಾಸದ ಅತಿ ಉದ್ದದ ಓಟ 15 ಕಿಲೋಮೀಟರ್. ಮೂರನೆಯದಕ್ಕೆ ವಾರಕ್ಕೆ 38, 19 ಕಿಲೋಮೀಟರಿನ ಓಟ ಮೂರು ಸಲ, ಎಲ್ಲ ನಿಧಾನವಾಗಿ. ಈ ಧೈರ್ಯ ಬಂದಿದ್ದು ಕೆನಡಾದ ಎಡ್ ವಿಟ್ಲಾಕ್ ಬಗ್ಗೆ ಓದಿದ ಮೇಲೆ. ಅವರು ಮನೆ ಹತ್ತಿರದ ಸ್ಮಶಾನದ ದಾರಿಯಲ್ಲಿ ಗಂಟೆಗಟ್ಟಲೆ ನಿಧಾನವಾಗಿ ಸುತ್ತು ಹಾಕುತ್ತಿದ್ದರು. 2004ರಲ್ಲಿ, 73ನೇ ವಯಸ್ಸಿನಲ್ಲಿ, ಪೂರ್ತಿ ಮ್ಯಾರಥಾನನ್ನು 2:54:48ರಲ್ಲಿ ಮುಗಿಸಿದರು. ಅವರ ವೇಗ ನಮಗೆ ಬರುವುದಿಲ್ಲ, ನಿಧಾನದ ಅಭ್ಯಾಸ ಬರುತ್ತದೆ.

ಹಾಗಾದರೆ ಯಾವುದು? ಮೊದಲನೆಯದನ್ನು ಯಾರಿಗೂ ಹೇಳುವುದಿಲ್ಲ, ಐವತ್ತೈದು ದಾಟಿದವರಿಗಂತೂ ಇಲ್ಲವೇ ಇಲ್ಲ. ಅಭ್ಯಾಸದ ಓಟ 15 ಕಿಲೋಮೀಟರ್ ದಾಟಿಲ್ಲವಾ, ಬಿಸಿಲು ಇದೆಯಾ, ಮಂಡಿಯೋ ಮೀನಖಂಡವೋ ಹಿಂದೆ ತೊಂದರೆ ಕೊಟ್ಟಿದೆಯಾ, ಓಟ-ನಡಿಗೆಯೇ ಸರಿ. ನಾಲ್ಕು ನಿಮಿಷ ಓಡಿದ ಮೇಲೆ ಬರುವ ಮೊದಲ ನಡಿಗೆಯನ್ನು ಮಾತ್ರ ತಪ್ಪಿಸಬೇಡಿ, ಇಡೀ ಪದ್ಧತಿ ನಿಂತಿರುವುದು ಅದರ ಮೇಲೆ. ಅಭ್ಯಾಸ ಚೆನ್ನಾಗಿದ್ದು, ಹವೆಯೂ ತಂಪಾಗಿದ್ದರೆ ನಿಧಾನ ಶುರುವಿನ ಓಟ. ನನ್ನ ಮನಸ್ಸು ಇರುವುದು ಅದರಲ್ಲೇ.

ನಾಲ್ಕನೆಯದು ಇನ್ನು ಆರು ವಾರದಲ್ಲಿದೆ. ಮೊದಲ ಐದಕ್ಕೆ ಮತ್ತೆ 35 ನಿಮಿಷವನ್ನೇ ಇಟ್ಟುಕೊಂಡಿದ್ದೇನೆ. ವಾಚಿನಲ್ಲಿ ನಾಲ್ಕು-ಒಂದರ ಬೀಪ್ ಕೂಡ ಹಾಗೇ ಇದೆ. ಬೆಳಗ್ಗೆ ಎದ್ದಾಗ ಸೆಖೆ ಇದ್ದರೆ ಅದನ್ನು ಒತ್ತಿಕೊಂಡು ಹೊರಡುತ್ತೇನೆ.