ಫಿಟ್ಸ್ ಮಾತ್ರೆಗೆ ವಾರದ ಡಬ್ಬಿ: ಅಮ್ಮಂಗೆ ತಗೊಂಡಿದ್ದು ಹೇಗಿದೆ

ಶಿಡ್ಲಘಟ್ಟದಲ್ಲಿ ಮೆಡಿಕಲ್ ಸ್ಟೋರಲ್ಲಿ ಸಿಕ್ಕಿದ ಪ್ಲಾಸ್ಟಿಕ್ ಡಬ್ಬಿ, ಏಳು ದಿನಕ್ಕೆ ಬೆಳಿಗ್ಗೆ ಒಂದು ರಾತ್ರಿ ಒಂದು ಅಂತ 14 ಖಾನೆ. ಬರೀ ಏಳು ಖಾನೆದೂ ಬರುತ್ತೆ, ಅದು ಬೇಡ, ಅಮ್ಮಂಗೆ ಲೆವೆಟಿರಾಸಿಟಾಮು ವಾಲ್ಪ್ರೊಯೇಟು ಅಂತ ಎರಡು ಫಿಟ್ಸ್ ಮಾತ್ರೆ, ಎರಡೂ ಎರಡು ಹೊತ್ತು.

ನಮ್ಮಮ್ಮಂಗೆ ರೇಷ್ಮೆ ಹುಳ ಎಷ್ಟನೇ ಜ್ವರದಲ್ಲಿದೆ (ಜ್ವರ ಅಂದ್ರೆ ಹುಳ ಪೊರೆ ಬಿಡೋ ಹಂತ), ಸೊಪ್ಪು ಯಾವಾಗ ಹಾಕ್ಬೇಕು, ಎಷ್ಟೋ ವರ್ಷದ ಹಿಂದೆ ಗೂಡು ಯಾವ ರೇಟಿಗೆ ಹೋಯ್ತು ಎಲ್ಲಾ ಗೊತ್ತು, ಆದ್ರೆ ಈಗ್ತಾನೆ ಮಾತ್ರೆ ನುಂಗಿದ್ಯಾ ಅಂದ್ರೆ ಸುಮ್ನೆ ಮುಖ ನೋಡ್ತಾಳೆ. ಡಾಕ್ಟ್ರು ಹೇಳಿದ್ದು, ಅಮ್ಮಂಗೆ ಫಿಟ್ಸ್ ಶುರುವಾಗೋದು ಮೆದುಳಿನ ಟೆಂಪೊರಲ್ ಲೋಬಲ್ಲಿ, ಹೊಸ ವಿಷಯ ನೆನಪಲ್ಲಿ ಕೂರ್ಸೋ ಹಿಪೊಕ್ಯಾಂಪಸ್ಸೂ ಅಲ್ಲೇ ಇದೆ, ಅದಕ್ಕೆ ಮರೆವು ಕಾಯಿಲೆಯಿಂದಾನೂ ಬರುತ್ತೆ, ಮಾತ್ರೆಯಿಂದಾನೂ ಬರಬಹುದು. ಫಿನೋಬಾರ್ಬಿಟೋನ್, ಟೋಪಿರಮೇಟ್ ಇಂಥವಲ್ಲಿ ಮಂಕು ಜಾಸ್ತಿ. ಊರಲ್ಲಿ ಮಾತ್ರೆ ಬಿಡ್ಸಿಬಿಡಿ ಅನ್ನೋರು ಬೇಕಾದಷ್ಟು ಜನ, ದಯವಿಟ್ಟು ಅವ್ರ ಮಾತು ಕೇಳ್ಬೇಡಿ, ಏಕಾಏಕಿ ನಿಲ್ಸಿದ್ರೆ ಒಂದರ ಹಿಂದೆ ಒಂದು ಫಿಟ್ಸ್ ಬಂದು ಜೀವಕ್ಕೇ ಅಪಾಯ ಆಗಬಹುದು. ಮಂಕು ಅನ್ಸಿದ್ರೆ ಡಾಕ್ಟ್ರಿಗೆ ಹೇಳಿ, ಅವ್ರು ನಿಧಾನಕ್ಕೆ ಬದಲಾಯಿಸ್ತಾರೆ.

ಖಾನೆ ಖಾಲಿ ಇದ್ರೆ ನುಂಗಿದ್ದಾಳೆ, ಇಲ್ಲಾಂದ್ರೆ ಇಲ್ಲ. ದಿನಾ ರಾತ್ರಿ ನುಂಗ್ದೆ ನುಂಗಿಲ್ಲ ಅಂತ ನಡೀತಿದ್ದ ವಾದ ನಿಂತೋಯ್ತು, ಅಮ್ಮ ಯಾರನ್ನೂ ಕೇಳ್ಬೇಕಾಗಿಲ್ಲ, ನಂಗೆ ಇದೇ ದೊಡ್ಡ ನೆಮ್ಮದಿ. ಎರಡು ಸಲ ನುಂಗಿಬಿಡೋ ಭಯಾನೂ ಇಲ್ಲ. ವಾರದ ಹೆಸರು ಇಂಗ್ಲಿಷಲ್ಲಿದೆ, ಅಮ್ಮಂಗೆ ಓದಕ್ಕಾಗಲ್ಲ, ಸೋ ಮಂ ಬು ಅಂತ ಬರ್ದು ಅಂಟ್ಸಿದೀವಿ. ಕನ್ನಡದಲ್ಲೇ ಪ್ರಿಂಟ್ ಮಾಡಿದ್ರೆ ಎಷ್ಟು ಮನೆಗೆ ಅನುಕೂಲ ಆಗ್ತಿತ್ತು! ಮುಚ್ಚಳ ಸ್ವಲ್ಪ ಬಿಗಿ.

ಡಬ್ಬಿ ಮೇಲೆ ಬರೀದೇ ಇರೋ ವಿಷಯ ಒಂದಿದೆ. ಸೋಡಿಯಂ ವಾಲ್ಪ್ರೊಯೇಟ್ ಗಾಳೀಲಿರೋ ತೇವ ಎಳ್ಕೊಳ್ಳುತ್ತೆ, ಹುಳ ಮೇಯ್ಸೋ ಮನೇಲಿ ತೇವ ಇದ್ದೇ ಇರುತ್ತಲ್ಲ, ಬಿಚ್ಚಿ ಹಾಕಿದ್ರೆ ಮಾತ್ರೆ ಕೆಡುತ್ತೆ. ಸ್ಟ್ರಿಪ್ಪನ್ನ ಕತ್ತರೀಲಿ ಕತ್ತರಿಸಿ ಫಾಯಿಲ್ ಸಮೇತ ಇಡಿ, ಅದು ಹಿಡಿಯೋ ಅಷ್ಟು ದೊಡ್ಡ ಖಾನೆ ಇರೋ ಡಬ್ಬೀನೇ ನೋಡಿ ತಗೊಳ್ಳಿ. ನಿಧಾನಕ್ಕೆ ಕರಗೋ ಮಾತ್ರೆ ಆಗಿದ್ರೆ ನುಂಗಕ್ಕೆ ಕಷ್ಟ ಅಂತ ಪುಡಿ ಮಾಡ್ಬೇಡಿ. ಡಾಕ್ಟ್ರು ಡೋಸ್ ಬದಲಾಯ್ಸಿದ ದಿನ ಡಬ್ಬಿ ಪೂರ್ತಿ ಖಾಲಿ ಮಾಡಿ, ಹೊಸ ಚೀಟಿ ನೋಡ್ಕೊಂಡು ಮೊದಲಿಂದ ತುಂಬಿ.